ಚಿಕ್ಕ ವರ್ಕ್‌ಶಾಪಿಗೆ ಏರ್ ಕಂಪ್ರೆಸರ್: ಆಯ್ಕೆ ಮತ್ತು ನಿರ್ವಹಣೆಯಲ್ಲಿ ನನ್ನ ಅನುಭವ

ಶಿವಮೊಗ್ಗದಲ್ಲಿ ನಮ್ಮದು ಗ್ರಿಲ್, ಗೇಟು, ಉಕ್ಕಿನ ಬೀರು ಮತ್ತು ರ್ಯಾಕುಗಳನ್ನು ಮಾಡಿ, ಬಣ್ಣ ಹೊಡೆದು ಕೊಡುವ ಚಿಕ್ಕ ವರ್ಕ್‌ಶಾಪು. ವೆಲ್ಡಿಂಗ್, ಕಟಿಂಗ್, ಗ್ರೈಂಡಿಂಗ್ ಎಲ್ಲವೂ ವಿದ್ಯುತ್ ಯಂತ್ರಗಳಲ್ಲೇ ನಡೆಯುತ್ತವೆ. ಗಾಳಿ ಬೇಕಾಗುವುದು ಮುಖ್ಯವಾಗಿ ಸ್ಪ್ರೇ ಗನ್ನಿಗೆ. ಅದರ ಜೊತೆಗೆ ಬಣ್ಣಕ್ಕೆ ಮೊದಲು ಧೂಳು ಊದುವುದಕ್ಕೆ, ಆಗೊಮ್ಮೆ ಈಗೊಮ್ಮೆ ಇಂಪ್ಯಾಕ್ಟ್ ರೆಂಚಿಗೆ. ಬೇಡಿಕೆ ಇಷ್ಟೇ ಆದರೂ, ಗನ್ನಿನಿಂದ ಹೊರಡುವ ಗಾಳಿಯಲ್ಲಿ ಒಂದು ಹನಿ ನೀರೋ ಎಣ್ಣೆಯೋ ಸೇರಿದರೆ ಇಡೀ ದಿನದ ಕೆಲಸವನ್ನು ಉಜ್ಜಿ ಮತ್ತೆ ಮಾಡಬೇಕಾಗುತ್ತದೆ. ಆದ್ದರಿಂದ ಕಂಪ್ರೆಸರ್ ಕೊಳ್ಳುವಾಗಲೂ ಅನಂತರ ಅದನ್ನು ನೋಡಿಕೊಳ್ಳುವಾಗಲೂ ನಾನು ಸ್ಪ್ರೇ ಗನ್ನಿನ ಮೂತಿಯಿಂದ ಹಿಂದಕ್ಕೆ ಲೆಕ್ಕ ಹಾಕುತ್ತಾ ಬಂದಿದ್ದೇನೆ.

ಅಂಗಡಿಗೆ ಹೋದರೆ ಮೊದಲು ಕೇಳುವುದು "ಎಷ್ಟು ಎಚ್‌ಪಿ ಬೇಕು ಸಾರ್?" ಎಂದು, ಆಮೇಲೆ "ಎಷ್ಟು ಲೀಟರ್ ಟ್ಯಾಂಕು?" ಎಂದು. ಇವೆರಡೂ ಮೊದಲ ಪ್ರಶ್ನೆಗಳಾಗಬಾರದು ಎಂಬುದು ನನ್ನ ಅಭಿಪ್ರಾಯ. ಉಪಕರಣಕ್ಕೆ ಯಾವ ಒತ್ತಡದಲ್ಲಿ ನಿಮಿಷಕ್ಕೆ ಎಷ್ಟು ಗಾಳಿ ಬೇಕು ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು. 1.5 ಮಿ.ಮೀ. ನಾಜಲ್ಲಿನ ಸಾಮಾನ್ಯ ಗ್ರಾವಿಟಿ ಗನ್ (ಬಣ್ಣದ ಬಟ್ಟಲು ಮೇಲಿರುವ ಸ್ಪ್ರೇ ಗನ್) ನಿಮಿಷಕ್ಕೆ 225ರಿಂದ 300 ಲೀಟರ್, ಅಂದರೆ ಸುಮಾರು 8ರಿಂದ 10 ಸಿಎಫ್‌ಎಂ (ನಿಮಿಷಕ್ಕೆ ಇಷ್ಟು ಘನ ಅಡಿ ಎಂಬ ಅಳತೆ) ಗಾಳಿ ಎಳೆಯುತ್ತದೆ. ಕೈಯಲ್ಲಿ ಹಿಡಿದು ಉಜ್ಜುವ ಗಾಳಿ ಸ್ಯಾಂಡರ್ ಇದಕ್ಕಿಂತ ಹೆಚ್ಚೇ ಬೇಡುತ್ತದೆ. ಇಂಪ್ಯಾಕ್ಟ್ ರೆಂಚು ಬೋಲ್ಟು ಬಿಚ್ಚುವ ಕೆಲವು ಸೆಕೆಂಡುಗಳ ಮಟ್ಟಿಗೆ ಮಾತ್ರ ಗಾಳಿ ಕೇಳುವುದರಿಂದ ಅದಕ್ಕೆ ಟ್ಯಾಂಕಿನಲ್ಲಿ ಕೂಡಿಟ್ಟ ಗಾಳಿಯೇ ಸಾಕಾಗುತ್ತದೆ. ಬೀರುವಿನ ಬಾಗಿಲಿಗೆ ಬಣ್ಣ ಹೊಡೆಯುವಾಗ ಹಾಗಲ್ಲ. ಟ್ರಿಗರ್ ಒತ್ತಿದ ಬೆರಳು ಬಹಳ ಹೊತ್ತು ಒತ್ತಿಯೇ ಇರುತ್ತದೆ.

ದೊಡ್ಡ ಟ್ಯಾಂಕು ಇದ್ದರೆ ಚಿಕ್ಕ ಪಂಪ್ ಸಾಕು ಎಂಬ ಮಾತನ್ನು ನಾನು ಲೆಕ್ಕಕ್ಕೆ ಹಚ್ಚಿ ನೋಡಿದೆ. 220 ಲೀಟರ್ ಟ್ಯಾಂಕಿನಲ್ಲಿ ಒತ್ತಡ 8 ಬಾರ್‌ನಿಂದ 5 ಬಾರ್‌ಗೆ (ಒಂದು ಬಾರ್ ಎಂದರೆ ಸುಮಾರು ಹೊರಗಿನ ಗಾಳಿಯ ಒತ್ತಡದಷ್ಟು) ಇಳಿಯುವಷ್ಟರಲ್ಲಿ ಹೊರಬರುವುದು ಸುಮಾರು 660 ಲೀಟರ್ ಗಾಳಿ. 250 ಲೀಟರ್ ಎಳೆಯುವ ಗನ್ನಿಗೆ ಅದು ಎರಡೂವರೆ ನಿಮಿಷಕ್ಕೆ ಸಾಲುತ್ತದೆ, ಅಷ್ಟೆ. ಆಮೇಲೆ ಪಂಪ್ ಹುಟ್ಟಿಸಿದಷ್ಟೇ ಗಾಳಿ. ಟ್ಯಾಂಕಿನಿಂದ ಮೋಟರು ಪದೇ ಪದೇ ಆನ್–ಆಫ್ ಆಗುವುದು ತಪ್ಪುತ್ತದೆ, ಗಾಳಿ ತಣ್ಣಗಾಗಿ ನೀರು ತಳಕ್ಕೆ ಇಳಿಯಲು ಜಾಗ ಸಿಗುತ್ತದೆ. ಪಂಪಿನ ಕೊರತೆಯನ್ನು ಅದು ತುಂಬಿಕೊಡುವುದಿಲ್ಲ.

ನನ್ನ ಲೆಕ್ಕ ಹೀಗಿತ್ತು. ಒಂದು ಗನ್ನಿಗೆ 9 ಸಿಎಫ್‌ಎಂ, ಅದೇ ಹೊತ್ತಿಗೆ ಇನ್ನೊಬ್ಬ ಧೂಳು ಊದುತ್ತಿದ್ದರೆ ಸರಾಸರಿ 3, ಸೋರಿಕೆಗೆ ಮತ್ತು ಮುಂದಿನ ಅಗತ್ಯಕ್ಕೆಂದು ಕಾಲುಭಾಗ ಹೆಚ್ಚು. ಒಟ್ಟು 15 ಸಿಎಫ್‌ಎಂ. ಈ ಹದಿನೈದು ನಿಜವಾಗಿ ಹೊರಬರುವ ಗಾಳಿಯಾಗಿರಬೇಕು, ಅಂದರೆ ಎಫ್‌ಎಡಿ (ಫ್ರೀ ಏರ್ ಡೆಲಿವರಿ). ಕ್ಯಾಟಲಾಗಿನಲ್ಲಿ ಹಲವು ಬಾರಿ ದೊಡ್ಡ ಅಕ್ಷರದಲ್ಲಿ ಅಚ್ಚಾಗಿರುವುದು ಪಿಸ್ಟನ್ ಡಿಸ್‌ಪ್ಲೇಸ್‌ಮೆಂಟ್. ಅದು ಸಿಲಿಂಡರಿನ ಅಳತೆಯನ್ನು ಸುತ್ತುಗಳಿಂದ ಗುಣಿಸಿ ಬಂದ ಅಂಕಿ. ಅದರಲ್ಲಿ ಮುಕ್ಕಾಲು ಭಾಗದಷ್ಟು ಗಾಳಿ ಕೈಗೆ ಬಂದರೆ ಪಂಪ್ ಚೆನ್ನಾಗಿದೆ ಎಂದೇ ಅರ್ಥ. ಪಿಸ್ಟನ್ ಕಂಪ್ರೆಸರಿನಲ್ಲಿ ಒಂದು ಎಚ್‌ಪಿಗೆ 3ರಿಂದ 4 ಸಿಎಫ್‌ಎಂ ಎಂದು ಅಂದಾಜು ಮಾಡಬಹುದಾದ್ದರಿಂದ ನಮಗೆ 5 ಎಚ್‌ಪಿಯ ಯಂತ್ರ ಬೇಕೆಂದು ತೀರ್ಮಾನವಾಯಿತು. ಎಚ್‌ಪಿಯ ಮಾತು ಬರಬೇಕಾದ ಜಾಗ ಇದು.

ಡೀಲರ್ ಬಳಿ ನಾನು ಒತ್ತಾಯ ಮಾಡಿ ಮಾಡಿಸಿದ್ದು ಒಂದೇ ಪರೀಕ್ಷೆ. ಟ್ಯಾಂಕನ್ನು ಪೂರ್ತಿ ಖಾಲಿ ಮಾಡಿ, ಔಟ್‌ಲೆಟ್ ಮುಚ್ಚಿ, ಮೋಟರು ಆನ್ ಮಾಡಿದ ಕ್ಷಣದಿಂದ ಗೇಜಿನ ಮುಳ್ಳು 8 ಬಾರ್ ಮುಟ್ಟುವವರೆಗೆ ಎಷ್ಟು ಹೊತ್ತು ಹಿಡಿಯಿತು ಎಂದು ಮೊಬೈಲಿನಲ್ಲಿ ನೋಡುವುದು. ಟ್ಯಾಂಕಿನ ಲೀಟರನ್ನು ಬಾರ್‌ನಿಂದ ಗುಣಿಸಿ ನಿಮಿಷದಿಂದ ಭಾಗಿಸಿದರೆ ನಿಮಿಷಕ್ಕೆ ಎಷ್ಟು ಲೀಟರ್ ಎಂಬುದು ಸಿಗುತ್ತದೆ. 220 ಲೀಟರ್ ಟ್ಯಾಂಕು 4 ನಿಮಿಷದಲ್ಲಿ 8 ಬಾರ್ ತುಂಬಿದರೆ 440 ಲೀಟರ್. ಒಂದು ಸಿಎಫ್‌ಎಂ ಎಂದರೆ 28.3 ಲೀಟರ್ ಆದ್ದರಿಂದ ಅದು ಸುಮಾರು ಹದಿನೈದೂವರೆ ಸಿಎಫ್‌ಎಂ. ಟ್ಯಾಂಕಿನೊಳಗಿನ ಗಾಳಿ ಇನ್ನೂ ಬಿಸಿಯಾಗಿರುವುದರಿಂದ ಈ ಅಂಕಿ ನಿಜಕ್ಕಿಂತ ತುಸು ಹೆಚ್ಚೇ ತೋರುತ್ತದೆ; ಆ ಬಾಬತ್ತಿಗೆ ಸ್ವಲ್ಪ ಕಳೆಯಬೇಕು. ಅದೇ ಪರೀಕ್ಷೆಯನ್ನು ಈಗಲೂ ಮಾಡುತ್ತಿರುತ್ತೇನೆ. ಕಾಲ ಕಳೆದಂತೆ ತುಂಬುವ ಹೊತ್ತು ಹೆಚ್ಚಾಗುತ್ತಿದ್ದರೆ ಪಿಸ್ಟನ್ ರಿಂಗೋ ವಾಲ್ವ್ ಪ್ಲೇಟೋ ಸವೆಯುತ್ತಿದೆ ಎಂದು ಹೆಡ್ (ಸಿಲಿಂಡರಿನ ಮೇಲ್ಮುಚ್ಚಳ) ಬಿಚ್ಚದೆಯೇ ತಿಳಿಯುತ್ತದೆ.

ಸಿಂಗಲ್ ಸ್ಟೇಜಾ, ಟು ಸ್ಟೇಜಾ ಎಂಬ ವಿಚಾರದಲ್ಲಿ ನಾನು ಎರಡನೆಯದನ್ನು ಆರಿಸಿದೆ. ಒಂದೇ ಸಿಲಿಂಡರಿನಲ್ಲಿ ಗಾಳಿಯನ್ನು 8 ಬಾರ್‌ವರೆಗೆ ಒತ್ತಿದರೆ ಹೊರಡುವ ಗಾಳಿ 150 ಡಿಗ್ರಿ ಸೆಲ್ಸಿಯಸ್ಸನ್ನು ಸುಲಭವಾಗಿ ದಾಟುತ್ತದೆ. ಆ ಬಿಸಿಗೆ ಎಣ್ಣೆ ಕರಕಾಗಿ ಡೆಲಿವರಿ ವಾಲ್ವಿನ ಮೇಲೆ ಕಾರ್ಬನ್ ಕೂರುತ್ತದೆ, ವಾಲ್ವ್ ಸರಿಯಾಗಿ ಮುಚ್ಚದೆ ಬಿಸಿ ಇನ್ನಷ್ಟು ಏರುತ್ತದೆ. ಎರಡು ಹಂತಗಳಲ್ಲಿ ಒತ್ತಿ, ನಡುವೆ ರೆಕ್ಕೆಗಳಿರುವ ಇಂಟರ್‌ಕೂಲರ್ ಕೊಳವೆಯಲ್ಲಿ ತಣಿಸಿದರೆ ಈ ಕಾಟ ಬಹಳ ಕಡಿಮೆ. ಸ್ಕ್ರೂ ಕಂಪ್ರೆಸರ್ (ಪಿಸ್ಟನ್ ಬದಲು ತಿರುಗುವ ಸ್ಕ್ರೂಗಳಿಂದ ಗಾಳಿ ಒತ್ತುವ ಯಂತ್ರ) ತೆಗೆದುಕೊಳ್ಳಿ ಎಂದು ಹೇಳಿದವರೂ ಇದ್ದರು. ದಿನವಿಡೀ ಬಿಡುವಿಲ್ಲದೆ ಗಾಳಿ ಬೇಕಾದವರಿಗೆ ಅದು ಸರಿ. ನಮ್ಮಂತೆ ಬಿಟ್ಟು ಬಿಟ್ಟು ಓಡಿಸುವಲ್ಲಿ ಅದರ ಎಣ್ಣೆ ನೀರಾವಿ ಆರುವಷ್ಟು ಬಿಸಿಯೇ ಆಗದೆ, ಎಣ್ಣೆಯಲ್ಲೇ ನೀರು ನಿಲ್ಲುತ್ತದೆ. ಮೋಟರಿಗೆ ನೇರವಾಗಿ ಜೋಡಿಸಿದ ಚಿಕ್ಕ ಯಂತ್ರಗಳು ಮನೆಗೆಲಸಕ್ಕೆ ಸಾಕು, ಆದರೆ 2800 ಸುತ್ತಿನ ಅವುಗಳ ಸದ್ದಿನಲ್ಲಿ ದಿನವಿಡೀ ಕೆಲಸ ಮಾಡಲಾಗದು. ಬೆಲ್ಟಿನ ಯಂತ್ರವೇ ನಮಗೆ ಹೊಂದಿತು.

ಯಂತ್ರ ಇಡುವ ಜಾಗದ ಬಗ್ಗೆ ಎರಡು ಮಾತು. ಬಣ್ಣ ಹೊಡೆಯುವ ಕೋಣೆಯಲ್ಲಿ ಅದನ್ನು ಇಡಲೇಬಾರದು: ತಿನ್ನರ್ ಆವಿ ಇರುವಲ್ಲಿ, ಒತ್ತಡ ನೋಡಿ ಮೋಟರನ್ನು ಆನ್–ಆಫ್ ಮಾಡುವ ಪ್ರೆಷರ್ ಸ್ವಿಚ್ಚಿನ ಕಿಡಿ ಅಪಾಯಕಾರಿ, ಬಣ್ಣದ ಪುಡಿ ಏರ್ ಫಿಲ್ಟರನ್ನು ಬೇಗ ಕಟ್ಟಿಸುತ್ತದೆ. ನಮ್ಮದನ್ನು ಹಿಂಬದಿಯ ಶೆಡ್ಡಿನಲ್ಲಿ, ಪುಲ್ಲಿಯ ಕಡೆ ಗೋಡೆಯಿಂದ ಒಂದೂವರೆ ಅಡಿ ಬಿಟ್ಟು, ಕಾಲುಗಳ ಕೆಳಗೆ ರಬ್ಬರ್ ಪ್ಯಾಡ್ ಇಟ್ಟು ಕೂರಿಸಿದ್ದೇವೆ. ಕಾಲುಗಳನ್ನು ನೆಲಕ್ಕೆ ಬಿಗಿಯಾಗಿ ಬೋಲ್ಟ್ ಮಾಡಿದರೆ ಅದುರುವಿಕೆಯ ಭಾರವೆಲ್ಲ ಟ್ಯಾಂಕಿನ ವೆಲ್ಡಿಂಗಿನ ಮೇಲೆ ಬೀಳುತ್ತದೆ.

ತ್ರೀ ಫೇಸ್ ಸಂಪರ್ಕ ಇರುವವರು ಗಮನಿಸಬೇಕಾದ ಒಂದು ಸಂಗತಿಯಿದೆ. ಪಂಪಿನ ದೊಡ್ಡ ಪುಲ್ಲಿಯ ಕಡ್ಡಿಗಳನ್ನು ಫ್ಯಾನಿನ ರೆಕ್ಕೆಯಂತೆ ಓರೆಯಾಗಿ ಎರಕ ಹೊಯ್ದಿರುತ್ತಾರೆ; ಅದು ಬಾಣದ ಗುರುತಿನ ದಿಕ್ಕಿಗೆ ತಿರುಗಿದರೆ ಮಾತ್ರ ಗಾಳಿ ಸಿಲಿಂಡರಿನ ಮೇಲೆ ಬೀಸುತ್ತದೆ. ಒಮ್ಮೆ ನಮ್ಮ ಬೀದಿಯಲ್ಲಿ ಟ್ರಾನ್ಸ್‌ಫಾರ್ಮರ್ ಬದಲಿಸಿದ ಮೇಲೆ ಫೇಸ್ ಅದಲುಬದಲಾಗಿ ಪುಲ್ಲಿ ತಿರುವುಮುರುವಾಗಿ ತಿರುಗತೊಡಗಿತು. ಪಿಸ್ಟನ್ ಪಂಪ್ ಯಾವ ದಿಕ್ಕಿಗೆ ತಿರುಗಿದರೂ ಗಾಳಿ ತುಂಬುತ್ತದೆಯಾದ್ದರಿಂದ ಯಾರಿಗೂ ಸಂಶಯ ಬರಲಿಲ್ಲ. ಹೆಡ್ಡಿನ ಹತ್ತಿರ ನಿಂತಾಗ ಗಾಳಿ ಮುಖಕ್ಕೆ ತಾಗದೆ ಬರೀ ಕಾವು ಹೊಡೆದದ್ದರಿಂದ ಗೊತ್ತಾಯಿತು. ಸ್ಟಾರ್ಟರಿನಲ್ಲಿ ಎರಡು ವೈರುಗಳನ್ನು ಅದಲುಬದಲು ಮಾಡಿದರೆ ಮುಗಿಯಿತು. ಅಂದಿನಿಂದ ಲೈನಿನ ಕೆಲಸ ನಡೆದಾಗಲೆಲ್ಲ ಮೊದಲು ಬಾಣದ ಗುರುತು ನೋಡುತ್ತೇವೆ. ಒಂದು ಫೇಸ್ ಹೋದರೆ ಮೋಟರನ್ನು ನಿಲ್ಲಿಸುವ ಸಿಂಗಲ್ ಫೇಸಿಂಗ್ ಪ್ರಿವೆಂಟರ್ ಹಾಕಿಸುವುದಂತೂ ಮಲೆನಾಡಿನ ಗಾಳಿಮಳೆಯಲ್ಲಿ ಕಡ್ಡಾಯವೆಂದೇ ನಾನು ಹೇಳುತ್ತೇನೆ. ಅದರ ಬೆಲೆ ಮೋಟರಿನ ವೈಂಡಿಂಗ್ ಖರ್ಚಿನ ಮುಂದೆ ಏನೂ ಅಲ್ಲ.

ಇನ್ನು ನೀರಿನ ವಿಚಾರ. ನಮ್ಮ ಕಡೆಯ ಮಳೆಗಾಲದಲ್ಲಿ ಇದು ಉಳಿದೆಲ್ಲ ನಿರ್ವಹಣೆಗಿಂತ ದೊಡ್ಡದು. 30 ಡಿಗ್ರಿ ಉಷ್ಣತೆ, 80 ಶೇಕಡಾ ತೇವಾಂಶವಿರುವ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 24 ಗ್ರಾಂ ನೀರಾವಿ ಇರುತ್ತದೆ. 10 ಸಿಎಫ್‌ಎಂ ಗಾಳಿ ಎಳೆಯುವ ಪಂಪ್ ಗಂಟೆಗೆ 17 ಘನ ಮೀಟರ್, ಅಂದರೆ 400 ಗ್ರಾಂ ನೀರನ್ನು ಒಳಗೆಳೆದುಕೊಳ್ಳುತ್ತದೆ. ಅದನ್ನು 7 ಬಾರ್‌ಗೆ ಒತ್ತಿ 40 ಡಿಗ್ರಿಗೆ ತಣಿಸಿದಾಗ ಆ ಗಾಳಿ ಹಿಡಿದಿಟ್ಟುಕೊಳ್ಳಬಲ್ಲದ್ದು ನೂರು ಗ್ರಾಮಿಗೆ ತುಸು ಹೆಚ್ಚು ಮಾತ್ರ. ಉಳಿದ ಸುಮಾರು 300 ಗ್ರಾಂ ಪ್ರತಿ ಗಂಟೆಯೂ ನೀರಾಗಿ ಬೀಳುತ್ತದೆ. ನಾಲ್ಕು ಗಂಟೆ ಓಡಿದರೆ ಒಂದು ಲೀಟರಿಗೂ ಮೇಲೆ. ಆದ್ದರಿಂದ ನಮ್ಮಲ್ಲಿ ಮಳೆಗಾಲದಲ್ಲಿ ಮಧ್ಯಾಹ್ನ ಊಟಕ್ಕೆ ಮುಂಚೆ ಒಮ್ಮೆ, ಸಂಜೆ ಬಾಗಿಲು ಹಾಕುವಾಗ ಒಮ್ಮೆ, ಬೇಸಿಗೆಯಲ್ಲಿ ಸಂಜೆ ಒಮ್ಮೆ ಡ್ರೈನ್ ಕಾಕ್ ಬಿಡುವ ಪದ್ಧತಿಯಿದೆ. ಟ್ಯಾಂಕಿನ ಹೊಟ್ಟೆಯ ಕೆಳಗೆ ಬಗ್ಗಿ ಕೈ ಹಾಕುವ ಕಷ್ಟಕ್ಕೇ ಹುಡುಗರು ಈ ಕೆಲಸ ಬಿಡುತ್ತಾರೆಂದು ತಿಳಿದು, ಆ ಜಾಗಕ್ಕೆ ಎಲ್ಬೋ ಹಾಕಿ ಒಂದು ಪೈಪು ಹೊರಗೆಳೆದು ತುದಿಗೆ ಬಾಲ್ ವಾಲ್ವ್ ಕೂರಿಸಿದೆವು. ಈಗ ನಿಂತುಕೊಂಡೇ ತಿರುಗಿಸಬಹುದು. ಹೊರಬರುವ ನೀರು ತುಕ್ಕಿನ ಕೆಂಪು ಬಣ್ಣದಲ್ಲಿದ್ದರೆ ಟ್ಯಾಂಕಿನ ತಳ ತಿನ್ನಿಸಿಕೊಳ್ಳುತ್ತಿದೆ ಎಂದು ತಿಳಿಯಬೇಕು. ಮಜ್ಜಿಗೆಯ ಬಣ್ಣದಲ್ಲಿದ್ದರೆ ಎಣ್ಣೆ ರಿಂಗ್ ದಾಟಿ ಬರುತ್ತಿದೆ ಎಂದು.

ಟ್ಯಾಂಕಿನಲ್ಲಿ ನಿಲ್ಲದ ನೀರು ಪೈಪಿನಲ್ಲಿ ಬೀಳುತ್ತದೆ. ನಮ್ಮ ಜಿಐ ಪೈಪಿನ ಮುಖ್ಯ ಲೈನನ್ನು ಪ್ರತಿ ಮೀಟರಿಗೆ ಒಂದು ಸೆಂಟಿಮೀಟರಿನಂತೆ ದೂರದ ತುದಿಯತ್ತ ಇಳಿಜಾರು ಕೊಟ್ಟು ಎಳೆದು, ಆ ತುದಿಯಲ್ಲಿ ಕೆಳಮುಖವಾದ ಒಂದು ತುಂಡು ಪೈಪಿಗೆ ಡ್ರೈನ್ ವಾಲ್ವ್ ಹಾಕಿದ್ದೇವೆ. ಗನ್ನಿಗೆ ಹೋಗುವ ಕವಲನ್ನು ಮುಖ್ಯ ಪೈಪಿನ ಕೆಳಬದಿಯಿಂದ ತೆಗೆಯದೆ ಮೇಲ್ಬದಿಯಿಂದ ತೆಗೆದು, ಬಾಗಿಸಿ ಕೆಳಗಿಳಿಸಿದ್ದೇವೆ. ತಳದಲ್ಲಿ ಹರಿಯುವ ನೀರು ಕವಲಿಗೆ ಏರುವುದಿಲ್ಲ. ಪ್ಲಂಬಿಂಗ್ ಅಂಗಡಿಯ ಪಿವಿಸಿ ಪೈಪನ್ನು ಗಾಳಿಗೆ ಬಳಸುವವರನ್ನು ಕಂಡಿದ್ದೇನೆ. ಅದು ಒಡೆದರೆ ಚೂರುಗಳು ಗುಂಡಿನಂತೆ ಹಾರುತ್ತವೆ, ದಯವಿಟ್ಟು ಬೇಡ. ಗನ್ನಿನ ಹತ್ತಿರ ಫಿಲ್ಟರ್ ಮತ್ತು ರೆಗ್ಯುಲೇಟರ್ ಇವೆ, ಎಣ್ಣೆ ಬೆರೆಸುವ ಲೂಬ್ರಿಕೇಟರ್ ಇಲ್ಲ. ಅದು ರೆಂಚಿನ ಲೈನಿನಲ್ಲಿ ಮಾತ್ರ ಇದೆ. "ಅಣ್ಣಾ, ಫಿಶ್ ಐ ಬೀಳ್ತಿದೆ" ಎಂದು (ಬಣ್ಣದಲ್ಲಿ ಮೀನಿನ ಕಣ್ಣಿನಂಥ ಗುಳಿಗಳು ಏಳುತ್ತಿವೆ ಎಂದು) ಪೇಂಟರ್ ಕರೆದರೆ ನಾನು ಗನ್ನಿನ ಹೋಸನ್ನು ಕಳಚಿ, ಬಿಳಿ ಕಾಗದವೊಂದರ ಮೇಲೆ ಅರ್ಧ ನಿಮಿಷ ಗಾಳಿ ಬಿಟ್ಟು ನೋಡುತ್ತೇನೆ. ಕಾಗದ ಬೆಳಕಿಗೆ ಹಿಡಿದಾಗ ಜಿಡ್ಡಿನ ಚುಕ್ಕೆ ಕಂಡರೆ ದೋಷ ಗಾಳಿಯದು. ಕಾಣದಿದ್ದರೆ ತಗಡನ್ನು ಒರೆಸಿದ ಬಟ್ಟೆಯನ್ನು ವಿಚಾರಿಸಬೇಕು.

ಎಣ್ಣೆ, ಬೆಲ್ಟು, ಫಿಲ್ಟರುಗಳದು ಸರಳ. ಎಂಜಿನ್ ಆಯಿಲ್ ಹಾಕಬಾರದು. ಅದರಲ್ಲಿರುವ ಡಿಟರ್ಜೆಂಟ್ ನೀರನ್ನು ಎಣ್ಣೆಯಲ್ಲಿ ಕದಡಿ ಇಡುತ್ತದೆ, ವಾಲ್ವಿನ ಮೇಲೆ ಕಾರ್ಬನ್ನೂ ಹೆಚ್ಚು. ವಿಜಿ 100 ದರ್ಜೆಯ (ಎಣ್ಣೆ ಎಷ್ಟು ಮಂದ ಎಂಬುದರ ಅಳತೆ) ಕಂಪ್ರೆಸರ್ ಆಯಿಲ್ಲನ್ನು ಹೊಸ ಪಂಪಿಗೆ ಮೊದಲ 50 ಗಂಟೆಗೆ, ಅನಂತರ ಸುಮಾರು 300 ಗಂಟೆಗೊಮ್ಮೆ ಬದಲಿಸುತ್ತೇವೆ. ಗಂಟೆ ತಿಳಿಯಲು ಸ್ಟಾರ್ಟರಿಗೆ ಒಂದು ಅವರ್ ಮೀಟರ್ ಜೋಡಿಸಿದ್ದೇವೆ. ಬೆಲ್ಟನ್ನು ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಅರ್ಧ ಇಂಚು ಬಗ್ಗಬೇಕು. ಫಿಲ್ಟರನ್ನು ವಾರಕ್ಕೊಮ್ಮೆ ಒಳಗಿನಿಂದ ಹೊರಕ್ಕೆ ಊದಬೇಕು.

ಸದ್ದಿನಿಂದ ತಿಳಿಯುವ ದೋಷಗಳೂ ಇವೆ. ಮೋಟರು ನಿಂತಾಗ ಪ್ರೆಷರ್ ಸ್ವಿಚ್ಚಿನ ಬಳಿ ಒಂದು ಕ್ಷಣ "ಸ್ಸ್" ಎನ್ನುವುದು ಸಹಜ. ಹೆಡ್ಡಿನಲ್ಲಿ ಉಳಿದ ಗಾಳಿ ಬಿಡುಗಡೆಯಾಗುವ ಸದ್ದು ಅದು. ಆ ಸದ್ದು ನಿಲ್ಲದೆ ಸಾಗಿದರೆ ಟ್ಯಾಂಕಿನ ಗಾಳಿ ಹಿಂದಕ್ಕೆ ಬರುತ್ತಿದೆ, ಅಂದರೆ ನಾನ್ ರಿಟರ್ನ್ ವಾಲ್ವಿನಲ್ಲಿ ಕಸವೋ ಕಾರ್ಬನ್ನೋ ಸಿಕ್ಕಿದೆ. ಆ ಸದ್ದೇ ಇಲ್ಲದೆ, ಮೋಟರು ಮತ್ತೆ ಏಳುವಾಗ ಗುಂಯ್‌ಗುಟ್ಟಿ ಬೆಲ್ಟು ಕಿರುಚಿದರೆ ಅನ್‌ಲೋಡರ್ (ಹೆಡ್ಡಿನ ಗಾಳಿಯನ್ನು ಹೊರಬಿಡುವ ವಾಲ್ವ್) ಕೆಲಸ ಮಾಡುತ್ತಿಲ್ಲ. ಕೆಲಸವೆಲ್ಲ ನಿಂತ ಸಂಜೆಯ ಹೊತ್ತಿನಲ್ಲಿ ಲೈನಿನುದ್ದಕ್ಕೂ ಕಿವಿಗೊಟ್ಟು ನಡೆದು, ಸಂಶಯವಿದ್ದಲ್ಲಿ ಸೋಪಿನ ನೀರು ಹಚ್ಚುತ್ತೇವೆ. ಒಂದು ಮಿ.ಮೀ. ತೂತು 7 ಬಾರ್‌ನಲ್ಲಿ ನಿಮಿಷಕ್ಕೆ ಅರವತ್ತು ಎಪ್ಪತ್ತು ಲೀಟರ್ ಗಾಳಿ ಕಳೆಯುತ್ತದೆ. ನಮ್ಮ ಯಂತ್ರದ ಮಟ್ಟಿಗೆ ಅದು ಆರರಲ್ಲೊಂದು ಪಾಲು. ಹಾಗೆಯೇ ಬೇಡದ ಒತ್ತಡವೂ ನಷ್ಟವೇ. ಒಂದು ಬಾರ್ ಹೆಚ್ಚಿಸಿದರೆ ವಿದ್ಯುತ್ ಖರ್ಚು ಶೇಕಡಾ ಆರೇಳರಷ್ಟು ಏರುತ್ತದೆ. ಗನ್ನಿನಲ್ಲಿ 3 ಬಾರ್ ಸಾಕಾಗುವ ನಮಗೆ 10 ಬಾರ್ ಕಟ್ ಔಟ್ (ಮೋಟರು ನಿಲ್ಲುವ ಒತ್ತಡ) ಯಾಕೆ? ಸ್ವಿಚ್ಚನ್ನು 7ಕ್ಕೆ ನಿಲ್ಲುವಂತೆ, 5ಕ್ಕೆ ಏಳುವಂತೆ ಇಟ್ಟಿದ್ದೇವೆ.

ಸೇಫ್ಟಿ ವಾಲ್ವಿನ ಉಂಗುರವನ್ನು ತಿಂಗಳಿಗೊಮ್ಮೆ ಎಳೆದು ನೋಡುವುದನ್ನು ಮಾತ್ರ ಯಾರಿಗೂ ಬಿಡದೆ ನಾನೇ ಮಾಡುತ್ತೇನೆ. ಎಳೆದಾಗ ಗಾಳಿ ಹಾರಿ, ಬಿಟ್ಟಾಗ ಪೂರ್ತಿ ಮುಚ್ಚಬೇಕು. ಸೋರುತ್ತದೆ ಎಂದು ಅದರ ಜಾಗಕ್ಕೆ ಪ್ಲಗ್ ಹಾಕಿದ ಟ್ಯಾಂಕುಗಳನ್ನು ಹಳೆಯ ಸಾಮಾನಿನ ಅಂಗಡಿಗಳಲ್ಲಿ ನೋಡಿದ್ದೇನೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇಂಥದ್ದನ್ನು, ಹೊಟ್ಟೆಯ ಕೆಳಗೆ ತೇಪೆ ಹಾಕಿ ವೆಲ್ಡ್ ಮಾಡಿ ಮೇಲೆ ಬಣ್ಣ ಬಳಿದದ್ದನ್ನು, ತಯಾರಿಕೆಯ ವರ್ಷ ಮತ್ತು ಒತ್ತಡ ಬರೆದ ಫಲಕ ಕಿತ್ತುಹೋದದ್ದನ್ನು ಎಷ್ಟೇ ಅಗ್ಗವಾದರೂ ಮುಟ್ಟಬಾರದು. ನಾನು ವೆಲ್ಡಿಂಗ್ ಬಲ್ಲವನೇ, ಆದರೂ ಗಾಳಿ ಟ್ಯಾಂಕಿಗೆ ತೇಪೆ ಹಾಕಿಕೊಡಿ ಎಂದು ಬಂದವರನ್ನು ಹಾಗೆಯೇ ಕಳುಹಿಸಿದ್ದೇನೆ. ನಮ್ಮ ಟ್ಯಾಂಕಿನ ತಳದ ತಗಡಿನ ದಪ್ಪವನ್ನು ಅಲ್ಟ್ರಾಸಾನಿಕ್ ಗೇಜಿನಿಂದ ಅಳೆಸಿ, ಕೆಲಸದ ಒತ್ತಡದ ಒಂದೂವರೆ ಪಟ್ಟಿಗೆ ಗಾಳಿಯ ಬದಲು ನೀರು ತುಂಬಿ ಹೈಡ್ರೋ ಟೆಸ್ಟ್ ಮಾಡಿಸುತ್ತೇವೆ. ಹಳೆಯ ಯಂತ್ರದ ಪಂಪ್ ಮತ್ತು ಮೋಟರು ಚೆನ್ನಾಗಿದ್ದು ಟ್ಯಾಂಕಿನ ಬಗ್ಗೆ ಮಾತ್ರ ಅನುಮಾನವಿದ್ದರೆ, ಅವೆರಡನ್ನೂ ಕೊಂಡು ಹೊಸ ಟ್ಯಾಂಕಿನ ಮೇಲೆ ಕೂರಿಸಿಕೊಳ್ಳಬಹುದು. ಹಳೆಯ ಟ್ಯಾಂಕನ್ನು ಬೇರೆಯವರು ಬಳಸದಂತೆ ಕೊರೆದು ಗುಜರಿಗೆ ಹಾಕಬೇಕು.