ವೇಗ ತಗ್ಗಿಸಿದ ಮೇಲೆ ಒಂದೆಡೆ ಬಿದ್ದ ಪೆಲೆಟ್‌ಗಳು

ಪುಣೆಯ ನಮ್ಮ ಗುರಿಗಾರ ಗೆಳೆಯರು ನನ್ನನ್ನು ‘ಸೋನಾರ್’ ಎಂದು ಕರೆಯತೊಡಗಿ ಎರಡು ವರ್ಷವಾಯಿತು. ಮರಾಠಿಯಲ್ಲಿ ಅಕ್ಕಸಾಲಿಗನಿಗೆ ಆ ಹೆಸರು. ಏರ್ ರೈಫಲಿನ ಪೆಲೆಟ್‌ಗಳನ್ನು, ಅಂದರೆ ಅದರ ಪುಟ್ಟ ಗುಂಡುಗಳನ್ನು, ನಾನು ಒಂದೊಂದಾಗಿ ತೂಗಿ ಬೇರ್ಪಡಿಸುವುದನ್ನು ಕಂಡು ನಕ್ಕವರೇ ಕಳೆದ ದೀಪಾವಳಿಯ ನಂತರ ನನ್ನ ಗುರಿಕಾಗದದ ಫೋಟೊ ತೆಗೆದುಕೊಂಡು ಹೋದುದರಿಂದ ಈ ಅನುಭವವನ್ನು ಬರೆಯುವ ಧೈರ್ಯ ಬಂದಿದೆ.

ಕೊಡಗಿನ ನಮ್ಮ ಮನೆಯಲ್ಲಿ ಹಿರಿಯರು ಕೋವಿಯ ತೋಟೆಗೆ (ಕಾಡತೂಸಿಗೆ) ಮದ್ದು ತುಂಬುವ ಲೆಕ್ಕಾಚಾರವನ್ನು ಮಾತನಾಡುವುದನ್ನು ಕೇಳುತ್ತಲೇ ಬೆಳೆದವನು ನಾನು. ಬೇಟೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೊಂದಿಗೆ ಮುಗಿದ ಅಧ್ಯಾಯ. ನನ್ನದು ಕಾಗದದ ಗುರಿ ಮಾತ್ರ. ಆದರೆ ಶಬ್ದದ ವೇಗಕ್ಕಿಂತ ಮೇಲೋ ಕೆಳಗೋ ಎಂಬ ಹಳೆಯ ಪ್ರಶ್ನೆ 4.5 ಮಿ.ಮೀ. ಪೆಲೆಟ್‌ಗೂ ಇದೆ. ಪರವಾನಗಿ ಬೇಡದ, 20 ಜೂಲ್ ಹೊಡೆತದ ಶಕ್ತಿಯ ಮಿತಿಯೊಳಗೇ 0.32 ಗ್ರಾಮಿನ ಮಿಶ್ರಲೋಹದ ಪೆಲೆಟ್ ಶಬ್ದದ ವೇಗವಾದ ಸೆಕೆಂಡಿಗೆ 343 ಮೀಟರನ್ನು ದಾಟಬಲ್ಲದು, 0.55 ಗ್ರಾಮಿನ ಸೀಸದ ಪೆಲೆಟ್ 270ರ ಆಸುಪಾಸಿನಲ್ಲೇ ನಿಲ್ಲಬೇಕು.

ನಾನು ಮೊದಲು ಮರುಳಾದದ್ದು ವೇಗಕ್ಕೆ. ಎರಡು ಡಬ್ಬಿ ಮಿಶ್ರಲೋಹದ ಪೆಲೆಟ್‌ಗೆ ಸುಮಾರು ಎರಡು ಸಾವಿರ ರೂಪಾಯಿ ಸುರಿದೆ. ವೇಗ ಅಳೆಯುವ ಕ್ರೋನೋಗ್ರಾಫ್ 335ರಿಂದ 350ರವರೆಗೆ ತೋರಿಸಿತು, ಪ್ರತಿ ಹೊಡೆತಕ್ಕೂ ಚಾಟಿ ಬೀಸಿದಂಥ ಸದ್ದು ಬಂತು, ಆದರೆ ಮುಳಶಿ ಕಡೆಯ ಗೆಳೆಯರ ತೋಟದಲ್ಲಿ 25 ಮೀಟರಿಗೆ ಹತ್ತು ಪೆಲೆಟ್‌ಗಳು ಅಂಗೈಯಗಲಕ್ಕೆ ಚದುರಿದವು. ಪೆಲೆಟ್‌ನ ಸೊಂಟ ಸಣ್ಣಗಿರುವ ಆಕಾರ ಶಬ್ದದ ವೇಗದ ಹತ್ತಿರ ಸುಳಿದಾಡಿದರೆ ಓಲಾಡುತ್ತದೆ. ಬಾಲೇವಾಡಿಯ ಕ್ರೀಡಾಸಂಕುಲದಲ್ಲಿ ಅಭ್ಯಾಸ ಮಾಡುವ ಹುಡುಗರ ಹತ್ತು ಮೀಟರಿನ ರೈಫಲ್‌ಗಳು 175ರ ಸುತ್ತಮುತ್ತಲೇ ಹೊಡೆದು ಅರ್ಧ ಮಿ.ಮೀ.ನ ಚುಕ್ಕೆಯನ್ನು ಅರಸುತ್ತವೆ ಎಂಬುದು ಗೊತ್ತಿದ್ದೂ ನಾನು ಎಡವಿದೆ.

ಎರಡನೆಯ ಸೋಲು ಇನ್ನೂ ದುಬಾರಿ. ಸೀಸದ ಪೆಲೆಟ್‌ಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಎಣ್ಣೆ ಸವರುವಾಗ ಕೈ ತುಸು ಧಾರಾಳವಾಯಿತು. ಒತ್ತಡಕ್ಕೆ ಎಣ್ಣೆ ಒಳಗೇ ಹೊತ್ತಿ, ಹೊಗೆ ಕಾರಿ, ಒಮ್ಮೆ 240 ಇದ್ದ ವೇಗ ಮರುಕ್ಷಣ 290ಕ್ಕೆ ಜಿಗಿಯಿತು; ನಾಲ್ಕನೆಯ ಹೊಡೆತಕ್ಕೆ ಗಾಳಿ ಸೋರದಂತೆ ತಡೆಯುವ ಪಿಸ್ಟನ್ ಸೀಲ್ ಸುಟ್ಟಿತು. ಸೀಲಿಗೆ ಆರುನೂರು, ಬಿಚ್ಚಿ ಕೂಡಿಸಿದವರಿಗೆ ಅದಕ್ಕೂ ಹೆಚ್ಚು, ಮೂರು ವಾರ ಬಂದೂಕು ಕೈಯಲ್ಲಿಲ್ಲ.

ಆ ಬಿಡುವಿನಲ್ಲಿ ಪುಣೆಯ ಎಲೆಕ್ಟ್ರಾನಿಕ್ ಸಾಮಾನಿನ ಪೇಟೆಯಾದ ತಾಪ್ಕೀರ್ ಗಲ್ಲಿಯಿಂದ ಮಿಲಿಗ್ರಾಂ ತೋರಿಸುವ ತಕ್ಕಡಿಯನ್ನು ಮೂರೂವರೆ ಸಾವಿರ ಕೊಟ್ಟು ತಂದೆ. ಐದುನೂರರ ಡಬ್ಬಿಯಲ್ಲಿ ಸ್ಕರ್ಟ್ (ಹಿಂಬದಿಯ ಟೊಳ್ಳು ಅಂಚು) ಜಜ್ಜಿದವು ಮತ್ತು ತೂಕ ತಪ್ಪಿದವು ಸೇರಿ ಎಪ್ಪತ್ತರಷ್ಟು ಹೊರಬಿದ್ದವು. ಉಳಿದವನ್ನು ಐದೈದು ಮಿಲಿಗ್ರಾಮಿನ ಅಂತರದಲ್ಲಿ ಬೇರೆ ಬೇರೆ ಡಬ್ಬಿಗೆ ಹಾಕಿದೆ. ಪೆಲೆಟ್‌ನ ತಲೆಯ ಅಳತೆ 4.50, 4.51, 4.52 ಮಿ.ಮೀ. ಎಂದು ಮೂರನ್ನೂ ಪರೀಕ್ಷಿಸಿದ್ದರಲ್ಲಿ ನನ್ನ ಬ್ಯಾರೆಲ್ ನಡುವಿನದನ್ನು ಒಪ್ಪಿತು. ನಿಮ್ಮದು ಬೇರೆಯನ್ನು ಕೇಳಬಹುದು. ಈ ನಡುವೆ ಪೆಲೆಟ್‌ನ ಟೊಳ್ಳಿನಲ್ಲಿ ಜೇನುಮೇಣ ತುಂಬಿ ತೂಕ ಹೆಚ್ಚಿಸುವ ಪ್ರಯೋಗವನ್ನೂ ಮಾಡಿ ಇಡೀ ಭಾನುವಾರ ಬ್ಯಾರೆಲ್ ತೊಳೆದೆ.

ಸ್ಪ್ರಿಂಗಿನ ಬಲ ತಗ್ಗಿಸಿ ವೇಗವನ್ನು 235ರ ಹತ್ತಿರ ತಂದಾಗ ಹೊಡೆತದಿಂದ ಹೊಡೆತಕ್ಕೆ ಅಂತರ ಎರಡು-ಮೂರು ಮೀಟರಿಗೆ ಇಳಿಯಿತು, ಹತ್ತು ತೂತುಗಳು ಒಂದು ರೂಪಾಯಿ ನಾಣ್ಯದ ಅಡಿಯಲ್ಲಿ ಅಡಗಿದವು. ಎಣ್ಣೆಯನ್ನು ಯಾವುದರೊಂದಿಗೆ ಬೆರೆಸುತ್ತೇನೆ, ಎಷ್ಟು ಹೊತ್ತು ಆರಿಸುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಎಲ್ಲರಿಗಿಂತ ಹೆಚ್ಚು ನಕ್ಕಿದ್ದ ಗೆಳೆಯರೊಬ್ಬರು ಅದನ್ನು ತಿಳಿಯಲೆಂದು ಎರಡು ಬಾರಿ ಊಟಕ್ಕೆ ಕರೆದರು. ಊಟ ಮಾಡಿ ಬಂದೆ, ತಕ್ಕಡಿಯನ್ನು ಎರವಲು ಕೊಟ್ಟೆ, ಅದಿನ್ನೂ ಹಿಂದಿರುಗಿಲ್ಲ.