ಮಾರ್ಕೇರಿಯನ್ 421ರ ಏರಿಳಿತ: ಎರಡು ಲೈಟ್ ಕರ್ವ್‌ಗಳನ್ನು ಹೋಲಿಸುವ ಕ್ರಮ

ಬ್ಲೇಜಾರ್ ಎಂದರೆ ನಡುವಿನ ದೈತ್ಯ ಕಪ್ಪುಕುಳಿಯ ಬಳಿಯಿಂದ ಜೆಟ್ (ಬೆಳಕಿನ ವೇಗಕ್ಕೆ ಹತ್ತಿರದಲ್ಲಿ ಚಿಮ್ಮುವ ಕಣಗಳ ಧಾರೆ) ಹೊರಡುವ ಗೆಲಾಕ್ಸಿ; ಆ ಜೆಟ್ ಹೆಚ್ಚುಕಡಿಮೆ ನಮ್ಮ ಕಡೆಗೇ ಮುಖಮಾಡಿರುತ್ತದೆ. ಬೇರೆ ಬೇರೆ ತರಂಗಾಂತರಗಳ ಹೊಳಪು ಒಟ್ಟಿಗೇ ಏರುತ್ತದೋ, ಹಿಂದುಮುಂದಾಗುತ್ತದೋ ಎಂದು ಅಳೆದರೆ ಬೆಳಕು ಹುಟ್ಟುವ ಜಾಗದ ಸುಳಿವು ಸಿಗುತ್ತದೆ. ಕೈ ಪಳಗಿಸಲು ಮಾರ್ಕೇರಿಯನ್ 421 ಎಂಬ ಬ್ಲೇಜಾರ್ ಒಳ್ಳೆಯದು: ಹತ್ತಿರದ್ದು, ಪ್ರಖರ, ಫರ್ಮಿ (ಗಾಮಾ ಕಿರಣ) ಮತ್ತು ಸ್ವಿಫ್ಟ್ (ಎಕ್ಸ್-ರೇ) ಬಾಹ್ಯಾಕಾಶ ದೂರದರ್ಶಕಗಳ ದತ್ತಾಂಶ ಪುಕ್ಕಟೆ.

ಮೊದಲು ಜೋಡಿ ಸರಿಯಾಗಿ ಆರಿಸಿ. ಇಲ್ಲಿ ಎಕ್ಸ್-ರೇ ಬರುವುದು ಅತಿ ಶಕ್ತಿಯ ಎಲೆಕ್ಟ್ರಾನ್‌ಗಳ ಸಿಂಕ್ರೊಟ್ರಾನ್ ವಿಕಿರಣದಿಂದ (ಕಾಂತಕ್ಷೇತ್ರದಲ್ಲಿ ಸುತ್ತುವಾಗ ಅವು ಸೂಸುವ ಬೆಳಕು). ಅವೇ ಎಲೆಕ್ಟ್ರಾನ್‌ಗಳು ಫೋಟಾನ್‌ಗಳನ್ನು ಟೆರಾ ಎಲೆಕ್ಟ್ರಾನ್‌ವೋಲ್ಟ್ ತನಕ ತಳ್ಳುತ್ತವೆ. ಫರ್ಮಿ ಕಾಣುವ ಗಿಗಾ ಎಲೆಕ್ಟ್ರಾನ್‌ವೋಲ್ಟ್ ಮಟ್ಟದ ಗಾಮಾ ಕಿರಣ ಬಹುಪಾಲು ಕಡಿಮೆ ಶಕ್ತಿಯ ಎಲೆಕ್ಟ್ರಾನ್‌ಗಳದು, ಅದಕ್ಕೆ ಜೋಡಿ ದೃಗ್ಗೋಚರ ಬೆಳಕು. ಎಕ್ಸ್-ರೇ ಜಿಗಿದಾಗ ಫರ್ಮಿ ಸುಮ್ಮನಿದ್ದರೆ ಸಿದ್ಧಾಂತ ಮುರಿದುಬಿತ್ತೆಂದು ಕುಣಿಯಬೇಡಿ.

ಫರ್ಮಿಯ ಲೈಟ್ ಕರ್ವ್ (ಕಾಲದೊಂದಿಗೆ ಹೊಳಪು ಬದಲಾಗುವ ನಕ್ಷೆ) ಅನ್ನು 3 ದಿನ ಅಥವಾ ಒಂದು ವಾರದ ಬಿನ್‌ಗಳಲ್ಲಿ (ಕಾಲದ ತುಂಡುಗಳಲ್ಲಿ) ಇಳಿಸಿಕೊಳ್ಳಿ. ಮೂಲ ಸ್ಪಷ್ಟವಾಗಿ ಕಾಣದೆ ಹೊಳಪಿನ ಗರಿಷ್ಠ ಮಿತಿ ಮಾತ್ರ ಇರುವ ಬಿನ್‌ಗಳನ್ನು ಎಸೆದರೆ ಮಂಕು ದಿನಗಳೇ ಮಾಯವಾಗುತ್ತವೆ. ಎಸೆಯುವ ಬದಲು ಬಿನ್ ಅಗಲಿಸಿ. ದೃಗ್ಗೋಚರ ಮಾಪನದಿಂದ (ಹೊಸಕೋಟೆಯಿಂದ ನಡೆಸುವ ಹಾನ್ಲೆಯ 2 ಮೀಟರ್ ದೂರದರ್ಶಕದ್ದಾದರೂ ಸರಿ) ಆತಿಥೇಯ (ಜೆಟ್ ಇರುವ) ಗೆಲಾಕ್ಸಿಯ ಸ್ಥಿರ ಬೆಳಕನ್ನು ಕಳೆಯಲೇಬೇಕು, ಇಲ್ಲದಿದ್ದರೆ ಏರಿಳಿತ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಸ್ವಿಫ್ಟ್ ಎಕ್ಸ್-ರೇಯಲ್ಲಿ ವಿಂಡೋಡ್ ಟೈಮಿಂಗ್ ಮೋಡ್ (ವೇಗವಾಗಿ ಓದುವ ವಿಧಾನ) ಬಳಸಿ. ಫೋಟಾನ್ ಕೌಂಟಿಂಗ್ ಮೋಡ್‌ನಲ್ಲಿ ಸೆಕೆಂಡಿಗೆ 0.5 ಎಣಿಕೆ ದಾಟಿದರೆ ಫೋಟಾನ್‌ಗಳು ಒಂದರ ಮೇಲೊಂದು ಬಿದ್ದು ಲೆಕ್ಕ ಕೆಡುತ್ತದೆ.

ಹೆಚ್ಚು ಜನ ಎಡವುವುದು ಸಮಯದಲ್ಲಿ. ಫರ್ಮಿಯ ಗಡಿಯಾರ 2001ರ ಜನವರಿ 1ರಿಂದ ಸೆಕೆಂಡು ಎಣಿಸುತ್ತದೆ, ದೃಗ್ಗೋಚರ ಪಟ್ಟಿಗಳು ಸಾಮಾನ್ಯವಾಗಿ ಜೂಲಿಯನ್ ದಿನದಲ್ಲಿರುತ್ತವೆ (ದಿನಗಳನ್ನು ಒಂದೇ ಸಾಲಾಗಿ ಎಣಿಸುವ ಪದ್ಧತಿ). ಎಲ್ಲವನ್ನೂ ಎಂಜೆಡಿಗೆ (ಮಾರ್ಪಡಿಸಿದ ಜೂಲಿಯನ್ ದಿನಕ್ಕೆ) ತನ್ನಿ: ಜೂಲಿಯನ್ ದಿನದಿಂದ 2400000.5 ಕಳೆಯಿರಿ. ಆ ಕೊನೆಯ .5 ಬಿಟ್ಟರೆ ಅರ್ಧ ದಿನದ ಸುಳ್ಳು ವಿಳಂಬ ಹುಟ್ಟಿಕೊಳ್ಳುತ್ತದೆ, ಅದೂ ನಂಬುವಂತೆಯೇ!

ನಂತರ ಡಿಸಿಎಫ್ (ಡಿಸ್ಕ್ರೀಟ್ ಕೋರಿಲೇಶನ್ ಫಂಕ್ಷನ್: ಒಂದು ಕರ್ವ್ ಅನ್ನು ಕಾಲದಲ್ಲಿ ಸರಿಸುತ್ತಾ ಇನ್ನೊಂದಕ್ಕೆ ಎಷ್ಟು ಹೊಂದುತ್ತದೆಂದು ಅಳೆಯುವ ಲೆಕ್ಕ) ಹಾಕಿ. 1988ರಲ್ಲಿ ಎಡೆಲ್ಸನ್ ಮತ್ತು ಕ್ರೋಲಿಕ್ ಕೊಟ್ಟ ಈ ವಿಧಾನಕ್ಕೆ ಖಾಲಿ ದಿನಗಳನ್ನು ತುಂಬುವ ಅಗತ್ಯವಿಲ್ಲ. ವಿಳಂಬದ ಬಿನ್ ಎರಡು ಕರ್ವ್‌ಗಳಲ್ಲಿ ಹೆಚ್ಚು ವಿರಳವಾದುದರ ಮಾಪನಗಳ ನಡುವಿನ ಅಂತರಕ್ಕಿಂತ ಕಿರಿದಾಗಬಾರದು. ಹೊಂದಿಕೆಯ ಶಿಖರ 0.8 ಮುಟ್ಟಿತೆಂದ ಮಾತ್ರಕ್ಕೆ ನಂಬಬೇಡಿ: ರೆಡ್ ನಾಯ್ಸ್ (ನಿಧಾನದ ಏರಿಳಿತವೇ ದೊಡ್ಡದಾಗಿರುವ ಯಾದೃಚ್ಛಿಕ ಬದಲಾವಣೆ) ಇರುವ ಎರಡು ಸಂಬಂಧವೇ ಇಲ್ಲದ ಕರ್ವ್‌ಗಳೂ ಅಷ್ಟು ಕೊಡಬಲ್ಲವು. ಅದೇ ಪವರ್ ಸ್ಪೆಕ್ಟ್ರಮ್ (ಯಾವ ಕಾಲಮಾನದಲ್ಲಿ ಎಷ್ಟು ಏರಿಳಿತ ಎಂಬ ಲೆಕ್ಕ), ಅದೇ ಖಾಲಿ ಜಾಗಗಳಿರುವ ಕನಿಷ್ಠ 1,000 ಕೃತಕ ಜೋಡಿ ಮಾಡಿ, ನಿಮ್ಮ ಶಿಖರವನ್ನು ಅವುಗಳೆದುರು ನಿಲ್ಲಿಸಿ.

ಉಳಿದದ್ದು ಬೆಳಕು ಹುಟ್ಟುವ ಜಾಗದ ಗಾತ್ರ. ಬೆಳಕಿನ ವೇಗ × ಏರಿಳಿತದ ಕಾಲ × ಡಾಪ್ಲರ್ ಅಂಶ ÷ (1 + ಕೆಂಪು ಪಲ್ಲಟ). ಡಾಪ್ಲರ್ ಅಂಶವೆಂದರೆ ಜೆಟ್ ನಮ್ಮತ್ತ ಧಾವಿಸುವುದರಿಂದ ಏರಿಳಿತ ಎಷ್ಟು ಪಟ್ಟು ವೇಗವಾಗಿ ಕಾಣುತ್ತದೆ ಎಂಬುದು; ಕೆಂಪು ಪಲ್ಲಟವೆಂದರೆ ವಿಶ್ವ ಹಿಗ್ಗುವುದರಿಂದ ಬೆಳಕು ಕೆಂಪಿನತ್ತ ಸರಿದ ಪ್ರಮಾಣ. ಕಾಲ 1 ದಿನ, ಡಾಪ್ಲರ್ 10, ಕೆಂಪು ಪಲ್ಲಟ 0.031 ಎಂದರೆ ಸುಮಾರು 25,000 ಕೋಟಿ ಕಿ.ಮೀ. ಇದು ಗರಿಷ್ಠ ಮಿತಿ ಮಾತ್ರ, ಮತ್ತು ಡಾಪ್ಲರ್ ಅಂಶ ಹೆಚ್ಚಿನ ಸಲ ಊಹೆಯೇ. ಹಾಗಾಗಿ 10 ಮತ್ತು 30 ಎರಡಕ್ಕೂ ಉತ್ತರ ಬರೆದಿಡಿ.