ಕಹಳೆ ಬೇಕಾದರೆ ಮೊದಲು ಬಳ್ಳಿ ಹಬ್ಬಿಸಿ: ಬುಸೋಗಾದಲ್ಲಿ ನನ್ನ ಅನುಭವ

ಪಿವಿಸಿ ಪೈಪ್ ಕೊಯ್ದು ಕಹಳೆ ಮಾಡಿದರೆ ಆಯ್ತು, ಸೋರೆ ಬಳ್ಳಿ ಯಾಕೆ ಅಂತ ನಕ್ಕವರೇ ಈ ಸಲ ಮಾರ್ಚ್ ಮಳೆಗೆ ಮುಂಚೆ ನನ್ನ ಹತ್ತಿರ ಬೀಜ ಕೇಳಿಕೊಂಡು ಬಂದರು. ಕೊಟ್ಟೆ. ಎಣಿಸಿ ಕೊಟ್ಟೆ.

ನಾನು ಮಂಡ್ಯ ಕಡೆಯವನು. ಉಗಾಂಡದ ಬುಸೋಗಾ ಸೀಮೆಯಲ್ಲಿ, ಜಿಂಜಾ ಹತ್ತಿರ ಕಬ್ಬಿನ ಕೆಲಸ ನೋಡಿಕೊಂಡಿದ್ದೇನೆ. ಇಲ್ಲಿನ ಬಸೋಗಾ ಜನರದ್ದು ಬಿಗ್ವಾಲಾ ಅಂತ ಒಂದು ಮೇಳ. ಸೋರೆ ಬುರುಡೆಯ ಕಹಳೆ ಐದೋ, ಇನ್ನೂ ಜಾಸ್ತಿಯೋ ಇರುತ್ತವೆ. ಒಂದೊಂದಕ್ಕೆ ಒಂದೇ ಸ್ವರ. ಒಬ್ಬ ಬಿಟ್ಟ ಜಾಗಕ್ಕೆ ಇನ್ನೊಬ್ಬ ನುಗ್ಗಿದರೆ ಮಾತ್ರ ಹಾಡು ಹುಟ್ಟುತ್ತದೆ. ಜೊತೆಗೆ ಐದು ಡೋಲು, ಸುತ್ತ ಸೊಂಟ ತಿರುಗಿಸಿ ಕುಣಿಯುವವರು. ರಾಜನ ಪಟ್ಟಕ್ಕೂ ಇದೇ, ರಾಜನ ಸಾವಿಗೂ ಇದೇ. 1967ರ ಸಂವಿಧಾನ ಉಗಾಂಡದ ರಾಜಮನೆತನಗಳನ್ನು ರದ್ದು ಮಾಡಿತು. 1993ರಲ್ಲಿ ಮತ್ತೆ ಅವಕಾಶ ಸಿಕ್ಕಿತು, 1995ರಲ್ಲಿ ಬುಸೋಗಾಕ್ಕೆ ಮತ್ತೆ ಕ್ಯಾಬಜಿಂಗಾ, ಅಂದರೆ ಇಲ್ಲಿನ ರಾಜ, ಬಂದರು. ಅಷ್ಟರಲ್ಲಿ ಊದುವವರು ಮುದುಕರಾಗಿದ್ದರು. 2012ರಲ್ಲಿ ಯುನೆಸ್ಕೊ ಇದನ್ನು ತುರ್ತಾಗಿ ಉಳಿಸಬೇಕಾದವುಗಳ ಪಟ್ಟಿಗೆ ಸೇರಿಸಿದಾಗ ಪೂರ್ತಿ ಬಲ್ಲ ಹಿರಿಯರು ನಾಲ್ಕೇ ಜನ ಉಳಿದಿದ್ದರು. ಕ್ಯಾಂಬೊಗೊ ವಿಶ್ವವಿದ್ಯಾಲಯದ ಜೇಮ್ಸ್ ಇಸಾಬಿರ್ಯೆ ಹುಡುಗರನ್ನು ಕೂಡಿಸಿ ಕಲಿಸುವ ಕೆಲಸಕ್ಕೆ ಕೈ ಹಾಕಿದರು. ಅದು ದೊಡ್ಡ ಕೆಲಸ, ಅವರದ್ದು. ನನ್ನದು ಬರೀ ಬಳ್ಳಿಯ ಕಥೆ.

ಸಮಸ್ಯೆ ಸರಳ. ಕಲಿಯುವವರಿದ್ದರೂ ಊದಲು ಬುರುಡೆ ಬೇಕಲ್ವಾ? ನೀರಿಗೆ ಪ್ಲಾಸ್ಟಿಕ್ ಜೆರ್ರಿಕ್ಯಾನ್ ಬಂದ ಮೇಲೆ ಬುರುಡೆ ಸೋರೆಯನ್ನು ಯಾರೂ ಹಾಕುತ್ತಿರಲಿಲ್ಲ. ಇದ್ದ ಹೊಲಕ್ಕೆ ಕಬ್ಬು ಬಂತು. ಆ ಕಬ್ಬಿನಿಂದಲೇ ನನ್ನ ಸಂಬಳ, ಅದನ್ನೂ ಹೇಳಿಬಿಡುತ್ತೇನೆ. ಕಾರ್ಯಾಗಾರಕ್ಕೆಂದು ಹೊರಗಿಂದ ತರಿಸಿದ ಕಹಳೆಗಳು ಕಾರ್ಯಾಗಾರ ಮುಗಿದ ಮೇಲೆ ಯಾವುದೋ ಕೋಣೆಗೆ ಸೇರಿ ಬೀಗ ಬೀಳುತ್ತಿತ್ತು. ಹುಡುಗರು ಮನೆಗೆ ಹೋಗಿ ಏನು ಊದಬೇಕು?

ಪಕ್ಕದ ಹಳ್ಳಿಯ ಒಬ್ಬ ಮ್ಜೇ, ಇಲ್ಲಿ ಹಿರಿಯರನ್ನು ಹಾಗೇ ಕರೆಯುವುದು, ಒಂದು ಹಿಡಿ ಬೀಜ ಕೊಟ್ಟರು. ಚಪ್ಪರ ಹಾಕುವುದು, ಬೀಜದ ತುದಿ ಕತ್ತರಿಸಿ ನೆನೆಸುವುದು ಇವನ್ನೆಲ್ಲ ನಿಮಗೆ ಹೇಳಬೇಕಾಗಿಲ್ಲ. ಮೊದಲ ಬೆಳೆ ಚೆನ್ನಾಗಿಯೇ ಬಂತು. ದಪ್ಪ ಸಿಪ್ಪೆ, ಉದ್ದ ಕತ್ತು. ಅದರ ಬೀಜ ಇಟ್ಟು ಎರಡನೇ ಬೆಳೆ ಹಾಕಿದೆ. ಅಲ್ಲಿ ಎಡವಟ್ಟಾಯಿತು. ಅರ್ಧಕ್ಕರ್ಧ ಕಾಯಿ ಒಣಗಿದ ಮೇಲೆ ಮೊಟ್ಟೆ ಚಿಪ್ಪಿನಷ್ಟು ತೆಳು. ಬೆರಳಲ್ಲಿ ಒತ್ತಿದರೆ ಲಟಕ್.

ಕಾರಣ ನಮ್ಮ ಕ್ವಾರ್ಟರ್ಸ್ ಹಿತ್ತಲಲ್ಲೇ ಇತ್ತು. ಇಲ್ಲಿ ಭಾರತದವರ ಪ್ರತಿ ಮನೆ ಹಿಂದೆ ಒಂದು ದೂಧಿ ಬಳ್ಳಿ, ಅದೇ ನಮ್ಮ ಅಡುಗೆ ಸೋರೆ. ಜಾತಿ ಒಂದೇ ಆದ್ದರಿಂದ ಪರಾಗ ಬೆರೆಯುತ್ತದೆ. ಆ ವರ್ಷದ ಕಾಯಿಯಲ್ಲಿ ಏನೂ ಗೊತ್ತಾಗಲ್ಲ, ಬೀಜ ಮಾತ್ರ ಕೆಟ್ಟಿರುತ್ತದೆ. ಬೆರಕೆ ಆ ಕಡೆಗೂ ಆಗಿತ್ತು. ಪಕ್ಕದ ಮನೆಯವರು ತಮ್ಮ ದೂಧಿ ಬೀಜ ಇಟ್ಟು ಬೆಳೆದರು, ಪಲ್ಯ ಕಹಿ ಬಂತು, ಆದರೂ ತಿಂದರು, ಇಡೀ ದಿನ ವಾಂತಿ. ಕಹಿ ಸೋರೆ ವಿಷ, ತಮಾಷೆ ಅಲ್ಲ. ತುದಿ ಕತ್ತರಿಸಿ ನಾಲಿಗೆಗೆ ಮುಟ್ಟಿಸಿ, ಕಹಿ ಇದ್ದರೆ ಆ ಕ್ಷಣವೇ ಉಗಿದು ಬಿಸಾಡಿ.

ಆಮೇಲೆ ಕೈಯಲ್ಲೇ ಪರಾಗಸ್ಪರ್ಶ ಶುರು ಮಾಡಿದೆ. ಸೋರೆ ಹೂವು ಅರಳುವುದು ಮುಸ್ಸಂಜೆ. ಮಧ್ಯಾಹ್ನ ಮೂರು ಗಂಟೆ ಸುಮಾರಿಗೆ ಚಪ್ಪರದ ಕೆಳಗೆ ಹೋಗಿ, ಅವತ್ತು ಅರಳುವ ಹೆಣ್ಣು ಮೊಗ್ಗಿಗೂ ಗಂಡು ಮೊಗ್ಗಿಗೂ ಪೇಪರ್ ಟೋಪಿ ಹಾಕಬೇಕು. ಕತ್ತಲಾಗುವ ಹೊತ್ತಿಗೆ ಗಂಡು ಹೂವಿನ ಎಸಳು ಕಿತ್ತು, ಉಳಿದದ್ದನ್ನು ಹೆಣ್ಣು ಹೂವಿನ ಬಾಯಿಗೆ ಮೆತ್ತಗೆ ಸವರಿ, ಮತ್ತೆ ಟೋಪಿ. ತೊಟ್ಟಿಗೆ ಕೆಂಪು ದಾರ. ಬಿತ್ತನೆಗೆ ದಾರ ಇರುವ ಕಾಯಿ ಮಾತ್ರ. ಮುಯಿಂದಿ ಹೂವಿಗೆ ಮದುವೆ ಮಾಡಿಸ್ತಾನೆ ಅಂತ ಮಕ್ಕಳು ನೋಡೋಕೆ ಬರುತ್ತಿದ್ದರು. ಮುಯಿಂದಿ ಅಂದರೆ ಇಂಡಿಯಾದವನು, ಅಂದರೆ ನಾನು.

ದುಡ್ಡಿನ ವಿಷಯ. ನೀಲಗಿರಿ ಕಂಬ ಒಂದಕ್ಕೆ ಸುಮಾರು ಐದು ಸಾವಿರ ಶಿಲ್ಲಿಂಗ್, ಅರವತ್ತು ಎಪ್ಪತ್ತು ಬೇಕಾಯಿತು. ತಂತಿ, ಕೂಲಿ, ಹಣ್ಣು ನೊಣಕ್ಕೆ ಬಲೆ, ಎಳೆಗಾಯಿಗೆ ಸುತ್ತಲು ಹಳೇ ಪೇಪರ್. ಒಮ್ಮೆ ಗಾಳಿಮಳೆಗೆ ಚಪ್ಪರ ಕಾಯಿ ಸಮೇತ ಮಲಗಿತು, ಮತ್ತೆ ಎತ್ತಿಸಿದೆ. ಮೊದಲ ವರ್ಷ ಒಟ್ಟು ಹದಿನೆಂಟು ಲಕ್ಷ ಶಿಲ್ಲಿಂಗ್ ಹೋಯಿತು. ನಮ್ಮ ರೂಪಾಯಿಯಲ್ಲಿ ನಲವತ್ತು ಸಾವಿರದ ಆಜುಬಾಜು. ಮನೆಯಾಕೆ ಲೆಕ್ಕ ಕೇಳಿದಾಗ ಮೂವತ್ತು ಅಂತ ಹೇಳಿದೆ.

ಒಣಗಿಸುವುದರಲ್ಲಿ ಇನ್ನಷ್ಟು ಕಳೆದುಕೊಂಡೆ. ತೊಟ್ಟು ಕಂದು ಆಗುವ ಮುಂಚೆ ಕೊಯ್ದರೆ ಸುಕ್ಕುತ್ತದೆ. ಸೆಪ್ಟೆಂಬರ್ ಮಳೆಯಲ್ಲಿ ಗೋದಾಮಿನಲ್ಲಿಟ್ಟವು ಬೂಸ್ಟು ಹಿಡಿದು ಮೆತ್ತಗಾದವು. ಬೀಜಕ್ಕಾಗಿ ಇಲಿ ತೂತು ಮಾಡಿತು. ಕೊನೆಗೆ ಕೈ ಹಿಡಿದದ್ದು ಅಜ್ಜಿ ಉಪಾಯ. ಹಳ್ಳಿಯ ಅಡುಗೆ ಗುಡಿಸಲಲ್ಲಿ ಒಲೆಯ ಮೇಲೆ, ಹೊಗೆ ತಾಗುವ ಹಾಗೆ ತೂಗು ಹಾಕುವುದು. ಮೂರು ತಿಂಗಳು ಬೇಕು. ಅಲ್ಲಾಡಿಸಿದರೆ ಬೀಜ ಗಲಗಲ ಅಂದರೆ ಆಯ್ತು. ಮೇಲಿನ ಬೂಸ್ಟು ಒರೆಸಿದರೆ ಹೋಗುತ್ತದೆ, ಹೆದರಬೇಡಿ.

ಕಹಳೆ ಒಂದೇ ಬುರುಡೆಯಲ್ಲಿ ಆಗಲ್ಲ. ಕತ್ತಿನ ತುಂಡುಗಳನ್ನು ಒಂದರೊಳಗೆ ಒಂದು ಸಿಕ್ಕಿಸುತ್ತಾ ಹೋಗಬೇಕು, ಕೊನೆಗೆ ಅಗಲ ಬಾಯಿ. ಸಂದಿಯಲ್ಲಿ ಗಾಳಿ ಸೋರಿದರೆ ಸತ್ತ ಸದ್ದು. ಜೇನುಮೇಣ ಒಂದೇ ಹಾಕಿದರೆ ಬಿಸಿಲಿಗೆ ಕರಗುತ್ತದೆ. ಇಲ್ಲಿ ಹಲಸು ಬೇಕಾದಷ್ಟು, ನಮ್ಮೂರಲ್ಲಿ ತೂತು ಬಿದ್ದ ಕೊಡಕ್ಕೆ ಮೆತ್ತುತ್ತಿದ್ದ ಹಲಸಿನ ಅಂಟು ನೆನಪಾಯಿತು. ಬರೀ ಅಂಟು ಒಣಗಿ ಬಿರಿಯಿತು. ಎರಡನ್ನೂ ಬೆರೆಸಿ, ಜೊತೆಗೆ ಮೂರನೆಯದೊಂದು ಹಾಕುತ್ತೇನೆ. ಅದು ಏನು, ಎಷ್ಟು ಅನ್ನೋದು ನನ್ನ ಹತ್ತಿರವೇ ಇರಲಿ. ಊದುವ ತೂತು ಪಕ್ಕದಲ್ಲಿರುತ್ತದೆ, ಎಷ್ಟು ದೂರದಲ್ಲಿ ಅನ್ನೋದೂ ಹಾಗೆಯೇ. ಮ್ಜೇ ಅದನ್ನು ನನಗೆ ಸುಮ್ನೆ ಹೇಳಲಿಲ್ಲ, ಒಂದು ಆಡು ಕೊಟ್ಟಿದ್ದೇನೆ.

ಶ್ರುತಿಗೆ ಮೊಬೈಲ್ ಟ್ಯೂನರ್ ಹಿಡಿದು ಐದು ಕಹಳೆ ಮೋಹನ ರಾಗಕ್ಕೆ ಕೂಡಿಸಿದ್ದೆ. ಮ್ಜೇ ಊದಿಸಿ ಕೇಳಿ, "ಇದು ಚರ್ಚ್ ಹಾಡು" ಅಂದರು. ಈ ಸೀಮೆಯ ಐದು ಸ್ವರಗಳ ನಡುವಿನ ಅಂತರ ಹೆಚ್ಚುಕಮ್ಮಿ ಒಂದೇ ಸಮ. ನಮ್ಮ ಕಿವಿಗೆ ಅಪಸ್ವರ ಅನ್ನಿಸುವುದೇ ಅವರಿಗೆ ಸರಿ. ಈಗ ಅವರು ಹಾಡುತ್ತಾರೆ, ನಾನು ಕೂದಲೆಳೆಯಷ್ಟು ಕತ್ತರಿಸುತ್ತೇನೆ, ಅವರು ತಲೆಯಾಡಿಸುವವರೆಗೆ. ಜಾಸ್ತಿ ಕತ್ತರಿಸಿದರೆ ಆ ತುಂಡು ಮೇಲಿನ ಸ್ವರದ ಕಹಳೆಗೆ ಹೋಗುತ್ತದೆ, ದಂಡ ಏನಿಲ್ಲ.

ನಡುವೆ ಎಂಬೈರೆ ಅನ್ನೋ ಇಲ್ಲಿನ ಇನ್ನೊಂದು ವಾದ್ಯದ ಹುಚ್ಚು ಹಿಡಿದಿತ್ತು. ನಕಿಬೆಂಬೆ ಹಳ್ಳಿಯಲ್ಲಿ ನೆಲದಲ್ಲಿ ಗುಂಡಿ ತೋಡಿ, ಮೇಲೆ ದೊಡ್ಡ ಮರದ ಪಟ್ಟಿಗಳನ್ನಿಟ್ಟು, ಎಷ್ಟೋ ಜನ ಸೇರಿ ಬಡಿಯುತ್ತಾರೆ. ಎದೆ ನಡುಗುತ್ತದೆ. ಹೇಗೂ ಒಡೆದ ಬುರುಡೆ ರಾಶಿ ಇದೆ, ಗುಂಡಿ ಬದಲು ಪಟ್ಟಿ ಕೆಳಗೆ ಬುರುಡೆ ಕಟ್ಟೋಣ ಅಂತ ನೋಡಿದೆ. ಸದ್ದು ಇಂಪಾಗಿತ್ತು, ಎಂಬೈರೆ ಆಗಿರಲಿಲ್ಲ. ಅದನ್ನೀಗ ಮಗಳು ಬಡಿಯುತ್ತಾಳೆ.

ನಿಜವಾಗಿ ಕೆಲಸ ಮಾಡಿದ್ದು ಒಂದು ಷರತ್ತು. ಯಾರ ಬಳ್ಳಿಯೋ ಅವನದ್ದೇ ಕಹಳೆ. ಬೀಜ ನನ್ನದು, ಚಪ್ಪರದ ಒಂದು ಅಂಕಣ ಹುಡುಗನದ್ದು. ಒಳ್ಳೆ ಕಾಯಿ ಮಿಕ್ಕರೆ ಎರಡು ಸಾವಿರ ಶಿಲ್ಲಿಂಗ್‌ಗೆ ನಾನೇ ಕೊಳ್ಳುತ್ತೇನೆ. ತರಗತಿಗೆ ಬಾ ಅಂದರೆ ಬಾರದವರು ಕಾಯಿಗೆ ಬಂದರು. ತನ್ನ ಕಾಯಿ ಸದ್ದು ಕೊಡುತ್ತದೋ ಇಲ್ಲವೋ ನೋಡೋಕೆ ಮ್ಜೇ ಹತ್ತಿರ ಕೂತರು. ಹೀಗೆ ಹತ್ತು ಹನ್ನೆರಡು ಹುಡುಗರು, ಇಬ್ಬರು ಹುಡುಗಿಯರು ಸಿಕ್ಕಿದರು. ಈಗ ಕ್ವಾಂಜುಲಾಗೆ, ಅಂದರೆ ಗಂಡಿನ ಕಡೆಯವರು ಹೆಣ್ಣಿನ ಮನೆಗೆ ಪರಿಚಯಕ್ಕೆ ಹೋಗುವ ಕಾರ್ಯಕ್ಕೆ, ಕರೆ ಬರುತ್ತದೆ. ಮೂರರಿಂದ ಐದು ಲಕ್ಷ ಶಿಲ್ಲಿಂಗ್ ಕೊಡುತ್ತಾರೆ, ಊಟ ಬೇರೆ. ರಾಜನ ವಾದ್ಯ ಮದುವೆ ಮನೆಗಾ ಅಂತ ಕೆಲವು ಹಿರಿಯರಿಗೆ ಸಿಟ್ಟಿದೆ. ಮ್ಜೇಗಿಲ್ಲ. ಅವರ ಪಾಲು ಮೊದಲು ಎತ್ತಿಡುತ್ತೇವೆ.

ಪೈಪ್‌ನವರ ಕಹಳೆಯನ್ನೂ ಊದಿ ನೋಡಿದೆ. ಜೋರಾಗಿದೆ, ಒಡೆಯಲ್ಲ, ಒಪ್ಪಿದೆ. ಐದೂ ಸೇರಿದಾಗ ಮಾತ್ರ ಬಸ್ ಸ್ಟ್ಯಾಂಡ್ ಹಾರನ್. ಅವರಿಗೂ ಗೊತ್ತಾಗಿದೆ, ಇಲ್ಲದಿದ್ದರೆ ಬೀಜಕ್ಕೆ ಯಾಕೆ ಬರುತ್ತಿದ್ದರು?

ಬಾಕಿ ಇರುವುದು ಎಲ್ಲಕ್ಕಿಂತ ದೊಡ್ಡ, ತಗ್ಗು ಸ್ವರದ ಕಹಳೆ. ಅದರ ಬಾಯಿಗೆ ಬೇಕಾದಷ್ಟು ಅಗಲದ ಬುರುಡೆ ಚಪ್ಪರದಲ್ಲಿ ತೂಕಕ್ಕೆ ತೊಟ್ಟು ಕಳಚಿ ಬೀಳುತ್ತಿದೆ. ಈ ಸಲ ನಾಲ್ಕು ಬಳ್ಳಿಯ ಕಾಯಿಗಳಿಗೆ ಈರುಳ್ಳಿ ಚೀಲದ ಜೋಲಿ ಕಟ್ಟಿದ್ದೇನೆ.